ಉಮ್ಮರಾಕನ ಕೊಡೆ ಅಂಗಡಿ

ಗೋಡೆಯ ಆಚೆಯಿಂದ ನಗು ಕೇಳುತ್ತಿತ್ತು. ಒಬ್ಬಿಬ್ಬರದ್ದಲ್ಲ, ಒಂದು ಹಾಲ್ ತುಂಬ ಜನರದ್ದು. ನಾನು ಅಡುಗೆಮನೆಯಲ್ಲಿ ಬಂಗುಡೆ ತೊಳೆಯುತ್ತಾ ಕಿವಿ ಕೊಟ್ಟು ನಿಂತಿದ್ದೆ. ಟಿವಿಯೊಳಗಿನ ಇಂಗ್ಲಿಷ್ ಜನ ಬಿದ್ದು ಬಿದ್ದು ನಗುತ್ತಿದ್ದರು, ಟಿವಿಯ ಎದುರು ಕೂತ ಮನುಷ್ಯನದ್ದು ಮಾತ್ರ ಒಂದು ಕೆಮ್ಮು ಕೂಡ ಕೇಳುತ್ತಿರಲಿಲ್ಲ. ಹೆಂಡತಿ ಸಕೀನ ತೀರಿಕೊಂಡ ಮೇಲೆ ದಿನಾ ಇದೇ ಕಥೆ.

ದುಬೈಯ ಅಲ್ ಕುಸೈಸ್‌ನ ಈ ಬಿಲ್ಡಿಂಗಿನಲ್ಲಿ ನನ್ನ ಮನೆಗೂ ಉಮ್ಮರಬ್ಬರ ಮನೆಗೂ ನಡುವೆ ಒಂದೇ ಗೋಡೆ. ನಾನು ರೋಸಿ. ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಜನರ ಮೇಲೆ ಸಿಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ ಅಂತ ನನ್ನ ಗಂಡ ಕ್ಯಾಮಿಲಸ್ ಹೇಳುವುದು. ಅವರು ದೂರದ ರುವೈಸ್‌ನ ರಿಫೈನರಿಯಲ್ಲಿ, ವಾರಕ್ಕೊಮ್ಮೆ ಮನೆಗೆ. ಹಾಗಾಗಿ ಮೂವತ್ತು ವರ್ಷ ನನ್ನ ಮನೆಯ ಬಲ್ಬು ಹೋದರೆ, ಗ್ಯಾಸ್ ಮುಗಿದರೆ, ಮಗ ಬ್ರಾಯನ್‌ಗೆ ಜ್ವರ ಬಂದರೆ, ಓಡಿ ಬರುತ್ತಿದ್ದದ್ದು ಉಮ್ಮರಬ್ಬರೇ. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು ಹಿರಿಯರನ್ನು ಕರೆಯುವ ಹಾಗೆ ನಾವೂ ಅವರನ್ನು ಉಮ್ಮರಾಕ ಎಂದೇ ಕರೆಯುವುದು.

ಉಮ್ಮರಾಕ ದೊಡ್ಡ ಮನುಷ್ಯ ಏನಲ್ಲ. ಬಂಟ್ವಾಳದ ಕಡೆಯವರು. ಮೊದಲು ಅಬುಧಾಬಿಯಲ್ಲಿ ಒಂದು ಬ್ರಿಟಿಷ್ ಕಂಪೆನಿಯ ಗೆಸ್ಟ್ ಹೌಸಿನಲ್ಲಿ ಅಡುಗೆ, ಆಮೇಲೆ ಇಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ವಿಡಿಯೊ ಲೈಬ್ರರಿ. ಜನ ಕ್ಯಾಸೆಟ್ ಬಾಡಿಗೆಗೆ ತೆಗೆಯುವುದನ್ನು ಬಿಟ್ಟ ಮೇಲೆ ಅಂಗಡಿ ಮುಚ್ಚಿತು. ಅದಕ್ಕವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಸಂಬಂಧಿಕ ಇಸ್ಮಾಯಿಲ್‌ನ ಗ್ರೋಸರಿಯಲ್ಲಿ ಕೂತರು. ಈಗ ಮಗಳು ಶಾಹಿನಳ ವಿಸಾದಲ್ಲಿ ಇದ್ದಾರೆ. ಅವಳ ಮನೆ ಡಿಸ್ಕವರಿ ಗಾರ್ಡನ್ಸ್‌ನಲ್ಲಿ. ಅಲ್ಲಿಗೆ ಬನ್ನಿ ಎಂದು ಅವಳು ಕರೆದು ಕರೆದು ಸಾಕಾದಳು.

ಈ ಮನುಷ್ಯನಿಗೆ ಒಂದೇ ಒಂದು ಹುಚ್ಚು. ಅದೊಂದು ಹಳೆಯ ಇಂಗ್ಲಿಷ್ ಕಾಮಿಡಿ ಸೀರಿಯಲ್, 'ಪ್ರಿಡಲ್ ಆಂಡ್ ನೆಫ್ಯೂ'. ಮೂರು ಸಣ್ಣ ಪುಸ್ತಕಗಳಿಂದ ಮಾಡಿದ್ದಂತೆ. ಕಥೆ ಎಂತ ಕೇಳಿದರೆ ಏನೂ ಇಲ್ಲ. ಇಂಗ್ಲೆಂಡಿನ ಒಂದು ಸಣ್ಣ ಪೇಟೆಯಲ್ಲಿ ಪ್ರಿಡಲ್ ಎಂಬ ಮುಂಗೋಪಿ ಮುದುಕನ ಕೊಡೆ ರಿಪೇರಿ ಅಂಗಡಿ. ಬೋರ್ಡಿನಲ್ಲಿ ಪ್ರಿಡಲ್ ಮತ್ತು ಅಳಿಯ ಎಂದು ಬರೆದಿದೆ, ತಂಗಿಯ ಮಗ ಎನ್ನುವ ಅರ್ಥದಲ್ಲಿ. ಆ ಅಳಿಯ ಮಾತ್ರ ಎಲ್ಲಿಯೂ ಇಲ್ಲ. ಬಂದ ಗಿರಾಕಿಗಳೆಲ್ಲ ಅಳಿಯ ಎಲ್ಲಿ ಎಂದು ಕೇಳುವುದು, ಮುದುಕ ವಾರಕ್ಕೊಂದು ಸುಳ್ಳು ಹೇಳುವುದು. ಅಳಿಯನಿಗೆ ದಡಾರ, ಅಳಿಯ ಆಫ್ರಿಕಾಕ್ಕೆ ಹೋದ, ಅಳಿಯ ತಪ್ಪು ರೈಲು ಹತ್ತಿದ. ಇಷ್ಟೇ. ಇಷ್ಟಕ್ಕೇ ಲೋಕದ ಮೂಲೆ ಮೂಲೆಯಲ್ಲಿ ಜನ ಇನ್ನೂ ಪ್ರಾಣ ಬಿಡುತ್ತಾರೆ. ನನ್ನ ಬ್ರಾಯನ್ ಕೂಡ ಅವರಲ್ಲೊಬ್ಬ. ಉಮ್ಮರಾಕನ ಮನೆಯ ಕಾರ್ಪೆಟ್ ಮೇಲೆ ಮಗ್ಗುಲಾಗಿ ಮಲಗಿ ಆ ಸೀರಿಯಲ್ ನೋಡಿಯೇ ಬೆಳೆದವನು. ಈಗ ಸೌಂಡ್ ಸ್ಟುಡಿಯೊದಲ್ಲಿ ಕೆಲಸ, ಬಿಡುವಾದಾಗ ದುಬೈಯ ಪ್ರಿಡಲ್ ಅಭಿಮಾನಿಗಳ ಗುಂಪಿನ ಯಜಮಾನಿಕೆ. ಮದುವೆ ಆಗು ಅಂದರೆ ಟೈಮ್ ಇಲ್ಲ.

ಸಕೀನಳಿಗೆ ಈ ಹುಚ್ಚು ಹಿಡಿದದ್ದು ಸೀರಿಯಲ್ ನೋಡಿ ಅಲ್ಲ. ಅದನ್ನು ಅವಳೇ ನನಗೆ ಹೇಳಿದ್ದು. ಎಂಬತ್ತರ ದಶಕದಲ್ಲಿ ಅವಳು ಊರಿನಲ್ಲಿ, ಇವರು ಅಬುಧಾಬಿಯಲ್ಲಿ. ಆಗ ಫೋನ್ ಎಲ್ಲಿ ಇತ್ತು ಮಾರಾಯ್ರೆ, ಗಲ್ಫಿನವರೆಲ್ಲ ಟೇಪ್‌ರೆಕಾರ್ಡರಿನಲ್ಲಿ ಮಾತಾಡಿ ಕ್ಯಾಸೆಟ್ಟನ್ನು ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದರು. ಉಮ್ಮರಾಕನಿಗೆ ಹೆಂಡತಿಯ ಹತ್ತಿರ ಎಂತ ಮಾತಾಡುವುದು ಎಂದೇ ಗೊತ್ತಿರಲಿಲ್ಲ. ಚೆನ್ನಾಗಿದ್ದೇನೆ, ನೀನು ಹೇಗಿದ್ದೀ ಎಂದ ಮೇಲೆ ಖಲಾಸ್, ಮಾತು ಮುಗಿಯಿತು. ಅದಕ್ಕೆ ಗೆಸ್ಟ್ ಹೌಸಿನ ಟಿವಿಯಲ್ಲಿ ಪ್ರಿಡಲ್ ಬರುವಾಗ ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟು, ಅಲ್ಲಿ ನಡೆಯುವುದನ್ನೆಲ್ಲ ಬ್ಯಾರಿ ಭಾಷೆಯಲ್ಲಿ ಹೇಳಿ ಕಳಿಸುತ್ತಿದ್ದರು. ಅವರಿಗೂ ಆ ಇಂಗ್ಲಿಷ್ ಅರ್ಧಂಬರ್ಧ. ಹಾಗಾಗಿ ಪ್ರಿಡಲನ ಅಂಗಡಿ ಬಂಟ್ವಾಳ ಪೇಟೆಗೆ ಬಂತು, ಅವನ ಹೆಂಡತಿ ಮೀನಿನ ಪುಳಿಮುಂಚಿ ಮಾಡಿದಳು, ಅಳಿಯ ಗಲ್ಫಿಗೆ ಹೋದ.

ಬಾಂಗ್ ಆಗುವ ಹೊತ್ತಿಗೆ ಟಿವಿಯವರು ಎಂಥ ಕಾರ್ಯಕ್ರಮವನ್ನೂ ನಡುವೆ ನಿಲ್ಲಿಸಿ ಬಾಂಗ್ ಹಾಕುತ್ತಿದ್ದರು. ಆಗ ಉಮ್ಮರಾಕ ರೆಕಾರ್ಡಿಂಗ್ ನಿಲ್ಲಿಸಿ ನಮಾಜಿಗೆ ಹೋಗುವರು. ಬಂದವರೇ ಕ್ಯಾಸೆಟ್ ತೆಗೆದು, ಪೆನ್ಸಿಲ್ ತೂರಿಸಿ, ಹತ್ತು ಹನ್ನೆರಡು ಸುತ್ತು ಮುಂದಕ್ಕೆ ತಿರುಗಿಸುವರು. ಬಾಂಗಿಗೂ ತಮಾಷೆಗೂ ನಡುವೆ ಒಂದಿಷ್ಟು ಜಾಗ ಬಿಡುವುದು ಮರ್ಯಾದೆ ಎಂದು ಅವರ ಲೆಕ್ಕ. ಅಷ್ಟರಲ್ಲಿ ಸೀರಿಯಲ್ ಮುಂದೆ ಹೋಗಿರುತ್ತಿತ್ತು. ತಪ್ಪಿದ ಭಾಗವನ್ನು ತಾವೇ ಕಟ್ಟಿ ಹೇಳುವರು.

ಹೋದ ಪಾತ್ರೆ ಖಾಲಿ ವಾಪಸ್ ಬರಬಾರದು ಅಂತ ನಮ್ಮ ಕಡೆ ಉಂಟಲ್ಲ, ಸಕೀನ ಕ್ಯಾಸೆಟ್ಟಿಗೂ ಅದನ್ನೇ ಮಾಡಿದಳು. ಅವರ ಕಥೆ ಕೇಳಿ, ಅದರ ಮೇಲೆಯೇ ತನ್ನ ಮಾತು ತುಂಬಿ ಕಳಿಸಿದಳು. ಅವರು ಅದನ್ನು ಕೇಳಿ, ಅದರ ಮೇಲೆಯೇ ಮುಂದಿನ ಎರಡು ಮೂರು ವಾರದ ಕಥೆ. ಗಂಡಹೆಂಡಿರ ಮಾತು ಟೇಪಿನಲ್ಲಿ ಉಳಿದು ಕಂಡವರ ಕಿವಿಗೆ ಬೀಳಬಾರದು ಎಂಬ ನಾಚಿಕೆಯೂ ಇತ್ತು. ಅಬುಧಾಬಿಯ ರೂಮಿನಲ್ಲಿ ಆರು ಜನ ಮಲಗುತ್ತಿದ್ದರಂತೆ. ಹೀಗೆ ಒಂದೇ ಕ್ಯಾಸೆಟ್ ವರ್ಷಗಟ್ಟಲೆ ಸಮುದ್ರ ದಾಟಿತು. ಕೊನೆಗೆ ಅವಳ ವಿಸಾ ಆದಾಗ ಉಮ್ಮರಾಕ ಅದನ್ನೂ ಕಥೆಯಲ್ಲೇ ಹೇಳಿದರು. ಅಳಿಯ ಬಂದ, ಅಂಗಡಿಯ ಬಾಗಿಲಲ್ಲಿ ನಿಂತಿದ್ದಾನೆ, ನಿನ್ನ ವಿಸಾ ಕೂಡ ಬಂತು, ಹೊರಡು. ಆ ಕ್ಯಾಸೆಟ್ಟಿಗೆ ಅವಳು ಉತ್ತರ ತುಂಬಿಸಲಿಲ್ಲ, ಪೆಟ್ಟಿಗೆಯಲ್ಲಿ ಇಟ್ಟುಕೊಂಡು ತಾನೇ ಬಂದಳು. ಇಲ್ಲಿ ಬಂದು ನಿಜವಾದ ಸೀರಿಯಲ್ ನೋಡಿ, ಇದಕ್ಕಿಂತ ನಿಮ್ಮದೇ ವಾಸಿ ಅಂದಳಂತೆ.

ಆಗ ಅವಳ ಸ್ವರ ಜೋರು. ಈ ಮನೆಯಲ್ಲಿ ಬೈದರೆ ಕೆಳಗಿನ ಲೈಬ್ರರಿಯಲ್ಲಿ ಉಮ್ಮರಾಕ ಎದ್ದು ನಿಲ್ಲುತ್ತಿದ್ದರು. ಶಾಹಿನ ಇನ್ನೂ ಅಂಬೆಗಾಲಿನ ಮಗು, ಆಗ ಸಕೀನಳ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು, ಜೀವ ಉಳಿಯಿತು, ಸ್ವರ ಹೋಯಿತು. ಆಮೇಲೆ ಇಪ್ಪತ್ತೈದು ವರ್ಷ ಅವಳು ಪಿಸುಗುಟ್ಟಿಯೇ ಸಂಸಾರ ಮಾಡಿದಳು, ಪಿಸುಗುಟ್ಟಿಯೇ ಬೈದಳು. ಹೋದ ವರ್ಷ ಹೃದಯ ನಿಂತು ಹೋದಳು. ಇಲ್ಲೇ ಅಲ್ ಕುಸೈಸ್‌ನ ಕಬರಸ್ಥಾನದಲ್ಲಿ ದಫನ ಆಯಿತು. ನನಗೆ ಅವಳ ಹಾಗೆ ಇನ್ನೊಬ್ಬಳು ಗೆಳತಿ ಇರಲಿಲ್ಲ, ಇನ್ನು ಆಗುವುದೂ ಇಲ್ಲ.

ಉಮ್ಮರಾಕ ಅಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ಕೊಟ್ಟದ್ದು ತಿನ್ನುತ್ತಾರೆ, ಕೇಳಿದ್ದಕ್ಕೆ ಹ್ಞೂಂ ಅನ್ನುತ್ತಾರೆ, ಗ್ರೋಸರಿಯಿಂದ ಬಂದು ಪ್ರಿಡಲ್ ಹಾಕಿಕೊಂಡು ಕೂರುತ್ತಾರೆ. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಮೀನು ಸಾರಿನ ಪಾತ್ರೆ ಹಿಡಿದು ಹೋದವಳು ಟಿವಿಯ ಎದುರೇ ನಿಂತೆ.

"ನಗುವುದಿಲ್ಲ, ಅಳುವುದಿಲ್ಲ, ಮತ್ತೆ ಎಂತಕ್ಕೆ ನೋಡುವುದು ಇದನ್ನು?"

ಅವರು ನನ್ನ ಮುಖ ನೋಡಲಿಲ್ಲ. "ರೋಸಿ ಬಾಯಿ, ನನಗೆ ಅವಳ ಸ್ವರ ಮರೆತುಹೋಗಿದೆ" ಅಂದರು. "ಪಿಸುಗುಟ್ಟುವುದು ಮಾತ್ರ ನೆನಪುಂಟು. ಮೊದಲಿನದ್ದು ಇಲ್ಲ. ಇದನ್ನು ನೋಡುವಾಗ ಅವಳು ಪಕ್ಕದಲ್ಲಿ ಕೂತು ಏನಾದರೂ ಹೇಳುತ್ತಿದ್ದಳಲ್ಲ, ನೆನಪಾಗಬಹುದಾ ಅಂತ ನೋಡುತ್ತೇನೆ. ಆಗುವುದಿಲ್ಲ. ಅರ್ಧ ಮಾತ್ರ ನೆನಪಿರುವವಳಿಗಾಗಿ ಹೇಗೆ ಅಳುವುದು?"

ಹೇಗಿತ್ತು ಹೇಳಿ ಅಂತ ನನ್ನನ್ನೇ ಕೇಳಿದರು. ಜೋರಿತ್ತು ಅಂದೆ. ಅದು ಬಿಟ್ಟು ಬೇರೆ ಹೇಳಲಿಕ್ಕೆ ನನಗೂ ಬರಲಿಲ್ಲ. ಮನೆಗೆ ಬಂದು ಗ್ಯಾಸಿನ ಎದುರು ನಿಂತು ತುಂಬ ಹೊತ್ತು ಯೋಚಿಸಿದೆ. ನನ್ನ ತಲೆಯಲ್ಲೂ ಬರೇ ಪಿಸುಮಾತು.

ಶಾಹಿನಳಿಗೆ ವಿಷಯ ಹೇಳಿದೆ. ಅವಳು ಬಂದು ಉಮ್ಮರಾಕನ ಮನೆಯೆಲ್ಲ ಜಾಲಾಡಿದಳು. ಅವಳ ಸೋದರಮಾವನ ಮದುವೆಯ ವಿಡಿಯೊ ಸಿಕ್ಕಿತು, ಅದರಲ್ಲಿ ಅವಳ ಉಮ್ಮ ಸಕೀನ ಬಾಯಿ ಆಡಿಸುತ್ತಾಳೆ, ಆದರೆ ವಿಡಿಯೊದವ ಪುಣ್ಯಾತ್ಮ ಮೊದಲಿನಿಂದ ಕೊನೆಯ ತನಕ ಹಿಂದಿ ಹಾಡು ತುಂಬಿಸಿದ್ದ. ಕೊನೆಗೆ ಕಪಾಟಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಆ ಕ್ಯಾಸೆಟ್ ಸಿಕ್ಕಿತು. ನನ್ನ ಹಳೆಯ ಟೂ-ಇನ್-ವನ್ ಟೇಪ್‌ರೆಕಾರ್ಡರಿಗೆ ಹಾಕಿದೆವು. ಉಮ್ಮರಾಕನ ಎಳೆ ಸ್ವರ ಬಂತು, ಕೊಡೆ, ಪ್ರಿಡಲ್, ಕಿಲಕಿಲ ನಗು. ಒಂದು ನಿಮಿಷವಾಗುವಷ್ಟರಲ್ಲಿ ಟೇಪು ಕಿರುಗುಟ್ಟಿ ಎಳೆಯತೊಡಗಿತು. ತುಂಡಾಗುತ್ತದೆ ಎಂದು ಹೆದರಿ ನಿಲ್ಲಿಸಿದೆವು.

"ಉಮ್ಮನದ್ದಲ್ಲ ರೋಸಿ ಆಂಟಿ, ಇದು ಬಾಪಾದ್ದೇ" ಅಂದಳು ಶಾಹಿನ. ಅವಳ ಮುಖ ಸಣ್ಣದಾಯಿತು.

"ಅವಳದ್ದು ಇತ್ತು. ಅದರ ಮೇಲೆ ನಾನೇ ತುಂಬಿಸಿದ್ದು" ಅಂದರು ಉಮ್ಮರಾಕ. "ಪ್ರತಿ ಸಲವೂ ನಾನೇ ಅಳಿಸಿದ್ದು." ಬಸ್ಸು ಹೋಯಿತು ಎನ್ನುವ ಹಾಗೆ ಹೇಳಿದರು, ಅಷ್ಟೇ ಸಪ್ಪೆಯಾಗಿ.

ಸೀರಿಯಲ್ ಶುರುವಾಗಿ ನಲವತ್ತು ವರ್ಷವಾಯಿತೆಂದು ಬ್ರಾಯನ್‌ನ ಗುಂಪಿನವರು ಒಂದು ಶುಕ್ರವಾರ ಸೇರುವವರಿದ್ದರು. ಕ್ಯಾಸೆಟ್ಟಿನ ಸುದ್ದಿ ಕೇಳಿದ್ದೇ ಅವನ ಕಣ್ಣು ಅರಳಿತು. ಅಂಕಲ್, ನಾನು ಸ್ಟುಡಿಯೊದಲ್ಲಿ ಕ್ಲೀನ್ ಮಾಡಿ ಕಂಪ್ಯೂಟರಿಗೆ ಹಾಕುತ್ತೇನೆ, ಎಲ್ಲರಿಗೂ ಕೇಳಿಸುವ ಅಂದ. ಉಮ್ಮರಾಕ ಹ್ಞೂಂ ಅಂದರು. ಅವರ ಹ್ಞೂಂಗೆ ಆಗ ಅರ್ಥವೇ ಇರಲಿಲ್ಲ. ವಿಷ ಕುಡಿಯುತ್ತೀರಾ ಎಂದರೂ ಹ್ಞೂಂ ಅನ್ನುತ್ತಿದ್ದರು.

ಆ ಶುಕ್ರವಾರ ನಾವೆಲ್ಲ ಹೋದೆವು. ಹೋಟೆಲಿನ ಹಾಲ್. ಹೊರಗೆ ತಲೆ ಒಡೆಯುವ ಬಿಸಿಲು, ಒಳಗೆ ಬಂದವರ ಕೈಯಲ್ಲೆಲ್ಲ ಮಳೆಗಾಲದ ಕೊಡೆ. ಒಬ್ಬ ಮಲಯಾಳಿ ಅಕೌಂಟೆಂಟ್ ಪ್ರಿಡಲನ ಹಾಗೆ ಮೀಸೆ ಅಂಟಿಸಿಕೊಂಡಿದ್ದ. ಶ್ರೀಲಂಕಾದ ಇಬ್ಬರು ಅಕ್ಕತಂಗಿಯರು ಅಂಗಡಿಯ ಬೋರ್ಡನ್ನು ಕೇಕಿನಲ್ಲಿ ಮಾಡಿ ತಂದಿದ್ದರು. ಪುಸ್ತಕದಲ್ಲಿ ಎರಡನೇ ಅಧ್ಯಾಯಕ್ಕೇ ಅಳಿಯ ಬರುತ್ತಾನಂತೆ, ಟಿವಿಯವರು ಅವನನ್ನು ತೋರಿಸದೆ ಬಿಟ್ಟದ್ದು ಸರಿಯೋ ತಪ್ಪೋ ಎಂದು ಇಬ್ಬರು ಬ್ರಿಟಿಷ್ ಮೇಷ್ಟ್ರುಗಳು ಆಸ್ತಿ ಪಾಲಿನ ಹಾಗೆ ಜಗಳ ಮಾಡುತ್ತಿದ್ದರು. ಇವರಿಗೆಲ್ಲ ಬೇರೆ ಕೆಲಸ ಇಲ್ಲವಾ ಎಂದು ನನಗೆ ಅನಿಸಿತು. ಸ್ವಲ್ಪ ಹೊತ್ತಿನಲ್ಲಿ ಅವರ ಮೇಲೆ ಪ್ರೀತಿಯೂ ಬಂತು. ಮಕ್ಕಳ ಹಾಗೆ ಸಂತೋಷವಾಗಿದ್ದರು, ಯಾರಿಗೂ ಕೇಡು ಬಯಸದೆ.

ಬ್ರಾಯನ್ ಕ್ಯಾಸೆಟ್ಟನ್ನು ಒಂದು ಗಾಜಿನ ಪೆಟ್ಟಿಗೆಯಲ್ಲಿ, ಬಿಸ್ಕೆಟ್ ತಟ್ಟೆಯ ಪಕ್ಕ, ಮೇಜಿನ ಮೇಲೆ ಇಟ್ಟಿದ್ದ. ಉಮ್ಮರಾಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ. ರೆಕಾರ್ಡಿಂಗ್ ಶುರುವಾಯಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಸ್ಪೀಕರಿನಲ್ಲಿ ಬ್ಯಾರಿ. ಅನುವಾದ ಶಾಹಿನ ಮತ್ತು ಅವಳ ಗಂಡ ಫೈಝಲ್ ಮಾಡಿಕೊಟ್ಟದ್ದು, ಬ್ರಾಯನ್ ಸರಿ ಮಾಡಿ ಕಳಿಸಿದ್ದನ್ನು ಕೇಳಿ. ಪ್ರಿಡಲ್ ಬಂಟ್ವಾಳದಲ್ಲಿ ಕೂತು ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತಿದ್ದಾನೆ, ಅವನ ಹೆಂಡತಿ ಪುಳಿಮುಂಚಿಗೆ ಹುಣಸೆ ಇಲ್ಲವೆಂದು ರಂಪ ಮಾಡುತ್ತಿದ್ದಾಳೆ. ಹಾಲ್ ನಕ್ಕು ನಕ್ಕು ಕಣ್ಣೊರೆಸಿಕೊಂಡಿತು. ಅಳಿಯ ಬಂದು ಬಾಗಿಲಲ್ಲಿ ನಿಂತಾಗ ಒಬ್ಬ ಮುದುಕಿ ಮೇಡಮ್ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ನಲವತ್ತು ವರ್ಷ ನಮಗೆ ಯಾರೂ ಕೊಡದ್ದನ್ನು ಈ ಮನುಷ್ಯ ತನ್ನ ಹೆಂಡತಿಗೆ ಕೊಟ್ಟಿದ್ದಾನೆ ಎಂದಳು. ಎಲ್ಲರೂ ಎದ್ದರು. ಒಬ್ಬೊಬ್ಬರಾಗಿ ಬಂದು ಉಮ್ಮರಾಕನ ಕೈ ಕುಲುಕಿದರು.

ಉಮ್ಮರಾಕ ಕೈ ಕೊಟ್ಟರು, ಥ್ಯಾಂಕ್ಯು ಅಂದರು. ಮುಖದಲ್ಲಿ ಏನೂ ಇರಲಿಲ್ಲ. ನನಗೆ ಅವರನ್ನು ನೋಡಲಾಗದೆ ಸಮೋಸದ ಕಡೆ ಹೋದೆ.

ಬ್ರಾಯನ್ ಬೀಗುತ್ತಾ ಬಂದ. "ಮಮ್ಮಿ, ಸೌಂಡ್ ಹೇಗಿತ್ತು? ಎಷ್ಟು ಕ್ಲೀನ್ ಮಾಡಿದ್ದೇನೆ ಗೊತ್ತುಂಟಾ? ಕಿರುಗುಟ್ಟುವುದು, ಟಕ್ ಟಕ್ ಸ್ವಿಚ್ಚಿನ ಶಬ್ದ, ಎಲ್ಲ ತೆಗೆದೆ. ಮಧ್ಯೆ ಎರಡು ಕಡೆ ಬೇರೆ ಏನೋ ಶಬ್ದ, ಒಂದು ಕಡೆ ಯಾರೋ ಒಂದು ಹೆಂಗಸು ಜೋರಾಗಿ ಬೈಯುತ್ತಿತ್ತು. ಅದನ್ನೂ ಕಟ್ ಮಾಡಿ ಬಿಸಾಡಿದೆ."

ಸಮೋಸ ನನ್ನ ಕೈಯಲ್ಲೇ ಉಳಿಯಿತು.

"ಯಾವ ಹೆಂಗಸು?"

"ಐ ಡೋಂಟ್ ನೋ. ಹಳೇ ರೆಕಾರ್ಡಿಂಗ್ ಏನೋ ಅಡಿಯಲ್ಲಿ ಉಳಿದದ್ದು. ಬ್ಯಾರಿಯಲ್ಲಿ. ನನಗೆ ಅರ್ಥ ಆಗಲಿಲ್ಲ."

ನನ್ನ ಹೊಟ್ಟೆಯಿಂದ ಹುಟ್ಟಿದ್ದೇ ಇದು ಎಂದು ಒಂದು ಕ್ಷಣ ನಂಬಲಾಗಲಿಲ್ಲ. ಸಕೀನಳ ಕೈಯ ತುತ್ತು ತಿಂದು ಬೆಳೆದವನು, ಅವಳ ಪಿಸುಮಾತು ಬಿಟ್ಟು ಬೇರೆ ಸ್ವರ ಇವನಿಗೆ ನೆನಪಿಲ್ಲ. ತಪ್ಪು ಅವನದ್ದಲ್ಲ, ಆದರೂ ಸಿಟ್ಟು ನೆತ್ತಿಗೇರಿತು. "ಅತಿ ಬುದ್ಧಿವಂತನೇ, ಕಸದ ಜೊತೆ ಚಿನ್ನವನ್ನೂ ಗುಡಿಸಿದೆಯಲ್ಲ" ಅಂದೆ. ಕಂಪ್ಯೂಟರಿನಲ್ಲಿ ಮೊದಲಿನದ್ದು ಉಂಟಾ ಎಂದು ಕೇಳಿದೆ. ಡಿಲೀಟ್ ಆಗಿದೆ ಅಂದ. ಈಗ ಅವನಿಗೂ ಹೊಳೆದಿತ್ತು.

ನಾನು ಗಾಜಿನ ಪೆಟ್ಟಿಗೆ ಎತ್ತಿ ಸೆರಗಿನಡಿ ಇಟ್ಟುಕೊಂಡು ಹೊರಟೆ. ಮೀಸೆಯ ಅಕೌಂಟೆಂಟ್ ಅಡ್ಡ ಬಂದ, ಮೇಡಮ್, ಅದು ಎಕ್ಸಿಬಿಟ್ ಅಂದ. ನಾನು ಅವನನ್ನು ನೋಡಿದ ನೋಟಕ್ಕೆ ಅವನೇ ದಾರಿ ಬಿಟ್ಟ.

ಕಾರಿನಲ್ಲಿ ಉಮ್ಮರಾಕನಿಗೆ ಹೇಳಿದೆ. ಅವರು ಬೆರಳಿನಿಂದ ಗಾಳಿಯಲ್ಲಿ ಏನನ್ನೋ ತಿರುಗಿಸಿ ನೋಡಿಕೊಂಡರು. "ಪೆನ್ಸಿಲಿನಲ್ಲಿ ಮುಂದಕ್ಕೆ ಸುತ್ತುತ್ತಿದ್ದೆ" ಅಂದರು. "ಆ ಜಾಗ ಖಾಲಿ ಅಂತ ಗ್ರಹಿಸಿದ್ದೆ. ಖಾಲಿ ಹೇಗಾಗುತ್ತದೆ? ಅಡಿಯಲ್ಲಿ ಅವಳದ್ದೇ ಇರುವುದಲ್ಲ." ಶಾಹಿನ ಹಿಂದಿನ ಸೀಟಿನಿಂದ ಬಾಪಾನ ಭುಜ ಹಿಡಿದುಕೊಂಡಳು. ಬ್ರಾಯನ್ ಗಾಡಿ ಓಡಿಸಿದ.

ಮನೆಗೆ ಮುಟ್ಟುವಾಗ ಸಂಜೆಯ ಮಗ್‌ರಿಬಿನ ಬಾಂಗ್ ಆಯಿತು. ಉಮ್ಮರಾಕ ಮಸೀದಿಗೆ ಹೋಗಿ ಬರುವ ತನಕ ಯಾರೂ ಆ ಪೆಟ್ಟಿಗೆ ಮುಟ್ಟಲಿಲ್ಲ. ನಾನು ನನ್ನ ಜಪಮಾಲೆ ಹಿಡಿದು ಕೂತೆ. ಟೇಪು ಇನ್ನೊಂದು ಸಲ ಓಡುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ ಎಂದು ಬ್ರಾಯನ್ ಮೊದಲೇ ಹೇಳಿದ್ದ. ಸ್ಟುಡಿಯೊದಲ್ಲೇ ಎರಡು ಕಡೆ ಎಳೆದುಕೊಂಡಿತ್ತಂತೆ. ಈಗ ಅವನು ಫೋನನ್ನು ಸ್ಪೀಕರಿಗೆ ಒತ್ತಿ ಹಿಡಿದು ಮೊಣಕಾಲೂರಿ ಕೂತ.

ಟೂ-ಇನ್-ವನ್ ಶುರುವಾಯಿತು. ಕಿರುಗುಟ್ಟಿತು, ನಿಂತ ಹಾಗೆ ಆಯಿತು, ಮತ್ತೆ ಓಡಿತು. ಎಳೆಯ ಉಮ್ಮರಾಕ ಕೊಡೆಯ ಕಥೆ ಹೇಳುತ್ತಾ ಹೋದರು, ಹಿಂದಿನಿಂದ ಇಂಗ್ಲಿಷರ ನಗು. ಟಕ್ ಎಂದಿತು. ಒಂದು ಪಾತ್ರೆ ಬಿದ್ದ ಸದ್ದು, ಕೋಳಿಯ ಕೂಗು, ಯಾರೋ ಯಾರನ್ನೋ ಹುಶ್ ಎಂದು ಓಡಿಸಿದ್ದು. ಮತ್ತೆ ಟಕ್. ಅಷ್ಟೇ. ಉಮ್ಮರಾಕ ಅಲ್ಲಾಡಲಿಲ್ಲ. ಕಥೆ ಮುಂದುವರಿಯಿತು. ಶಾಹಿನ ನನ್ನ ಮೊಣಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಮರುದಿನವೂ ನೋಯುತ್ತಿತ್ತು.

ಎರಡನೇ ಬಾಂಗಿನ ಜಾಗ ಬಂತು. ಟಕ್ ಎಂದದ್ದೇ ಕೋಣೆಯೊಳಗೆ ಒಬ್ಬಳು ಹೆಂಗಸು ಮಾತಾಡಿದಳು. ತೋಡಿನ ಆಚೆಗೆ ಕೇಳುವ ಹಾಗೆ, ತುಸು ಒಡಕು, ತುಂಬ ಎಳೆಯ ಸ್ವರ.

"ನೀವು ಯಾವಾಗಲೂ ಮೊದಲೇ ನಗುವುದು. ಕಥೆ ಹೇಳಿ, ಆಮೇಲೆ ನಗಿ. ನೀವೇ ಎಲ್ಲ ನಕ್ಕು ಮುಗಿಸಿದರೆ ನನಗೆ ಎಂತ ಉಳಿಯುತ್ತದೆ? ನಾನಿಲ್ಲಿ ಒಬ್ಬಳೇ ಕೂತು ಕೇಳುವುದಲ್ಲವಾ? ಸ್ವಲ್ಪ ನಿಧಾನ ಹೇಳಿ. ನಿಮ್ಮ ಸ್ವರ..."

ಟಕ್ ಎಂದಿತು. ಅವಳ ಮಾತಿನ ಮೇಲೆ ಎಳೆಯ ಉಮ್ಮರಾಕ ಬಂದರು, ಬಂದವರೇ ಕಿಲಕಿಲ ನಗಲು ಶುರು, ಕಥೆ ಇನ್ನೂ ಬಾಯಿಗೇ ಬಂದಿಲ್ಲ.

ಮುದುಕ ಉಮ್ಮರಾಕ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಟೂ-ಇನ್-ವನ್ನಿನ ಹತ್ತಿರ ಮುಖ ತಂದು, ತನ್ನದೇ ಸ್ವರಕ್ಕೆ ಹೇಳಿದರು:

"ಸ್ವಲ್ಪ ಸುಮ್ಮನಿರು ಮಾರಾಯ. ಅವಳು ಮಾತಾಡಲಿ."

ಟೇಪಿನೊಳಗಿನವನು ಸುಮ್ಮನಿರಲಿಲ್ಲ, ನಗುತ್ತಲೇ ಇದ್ದ. ಉಮ್ಮರಾಕ ಅದೇ ಮಾತನ್ನು ಇನ್ನೊಮ್ಮೆ ಹೇಳಲು ಬಾಯಿ ತೆರೆದರು. ಆಮೇಲೆ ಅತ್ತರು. ಗಂಡಸರು ಅಳುವ ಹಾಗೆ ಬಾಯಿ ಮುಚ್ಚಿಕೊಂಡು ಅಲ್ಲ, ಜೋರಾಗಿ, ಗೋಡೆಯ ಆಚೆಗೂ ಕೇಳುವ ಹಾಗೆ. ಶಾಹಿನ ಎದ್ದು ಬಟನ್ ಒತ್ತಲು ಹೋದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಟೇಪು ಮುಗಿಯುವ ತನಕ ಓಡಿತು.